ಮೇಷ್ಟರ ಕೋಟಿನ ಎಡತೋಳು

ಸೂಜಿಯಣ್ಣನ ಕಣ್ಣು ಎರಡು ವರ್ಷದಿಂದ ಮಂಜಾಗಿದೆ ಎಂಬ ಸಂಗತಿ ಆ ನಾಟಕ ಮಂದಿರದಲ್ಲಿ ಸೂಜಿಯಣ್ಣನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ಅವನ ಪ್ರಕಾರ ಕೆಟ್ಟಿದ್ದು ಕಣ್ಣಲ್ಲ, ಕಾಲ. ಬಲ್ಬುಗಳು ಮೊದಲಿನ ಹಾಗೆ ಉರಿಯುವುದಿಲ್ಲ. ದಾರ ಮಾಡುವವರು ದಾರವನ್ನು ಸಣ್ಣಗೆ ಮಾಡಿ ಮೋಸ ಮಾಡುತ್ತಿದ್ದಾರೆ. ಸೂಜಿ ಮಾಡುವವರಂತೂ ಉಳಿತಾಯದ ಭರದಲ್ಲಿ ತೂತು ಕೊರೆಯುವುದನ್ನೇ ಬಿಟ್ಟಿದ್ದಾರೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಅವಳಿಗಾದರೂ ನೆಲವೊಂದೇ ಡೊಂಕು, ನಮ್ಮ ಸೂಜಿಯಣ್ಣನಿಗೆ ಇಡೀ ಪ್ರಪಂಚವೇ ಡೊಂಕು.

ವೇದಿಕೆಯ ಮೇಲ್ಗಡೆ, ಕಡಿದಾದ ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಅವನ ಕೋಣೆ. ನಲವತ್ತು ವರ್ಷದಿಂದ ಅವನದೇ. ಒಂದೇ ಒಂದು ಕಿಟಕಿ, ಕಿಟಕಿಗೆ ತಾಗಿ ಹೊಲಿಗೆ ಮೇಜು, ಮೇಜಿನ ಮುಂದೆ ಕೂತು ಕೂತು ಅವನ ಆಕಾರಕ್ಕೇ ತಗ್ಗಿದ ಕುರ್ಚಿ. ಕೋಣೆಯ ಉಳಿದ ಮುಕ್ಕಾಲು ಭಾಗದಲ್ಲಿ ಕಬ್ಬಿಣದ ಸರಳುಗಳಿಗೆ ನೇತುಬಿದ್ದ ಬಟ್ಟೆಗಳು. ರಾಜನ ನಿಲುವಂಗಿ, ಪೊಲೀಸಿನವನ ಅಂಗಿ, ವಿಧವೆಯ ಸೀರೆ ಎಲ್ಲ ಒಂದಕ್ಕೊಂದು ಭುಜ ತಾಗಿಸಿಕೊಂಡು ಜಗಳವಿಲ್ಲದೆ ಬದುಕಿದ್ದವು. ಅವುಗಳ ಹಿಂದೆ, ಗೋಡೆಯ ಮೂಲೆಯಲ್ಲಿ, ಒಂದು ಗಿಡ್ಡ ಸ್ಟೂಲು. ಅದು ಅವನ ಹೆಂಡತಿಯ ಜಾಗ.

ಅವಳು ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಇಬ್ಬರೂ ಊಟ ಮಾಡುವರು. ಆಮೇಲೆ ಸೂಜಿಯಣ್ಣ ಹಳೆಯ ಪರದೆಯೊಂದನ್ನು ನೆಲಕ್ಕೆ ಹಾಸಿ ಒಂದು ತಾಸು ಮಲಗುವನು. ಮನೆಗೆ ಬೆಂಕಿ ಬಿದ್ದರೂ ಏಳದ ನಿದ್ದೆ. "ಈ ಬಿಸಿಲಲ್ಲಿ ಯಾರು ವಾಪಸ್ ಹೋಗ್ತಾರೆ, ನಾನೂ ಇಲ್ಲೇ ಗೋಡೆಗೆ ಒರಗಿ ಒಂದು ಜೊಂಪು ತೆಗೀತೀನಿ" ಎಂದು ಅವಳು ಬಟ್ಟೆಗಳ ಹಿಂದೆ ಹೋಗಿ ಸ್ಟೂಲಿನ ಮೇಲೆ ಕೂರುವಳು. ಚಳಿಗಾಲದಲ್ಲೂ ಇದೇ ಮಾತು ಹೇಳುತ್ತಿದ್ದಳು. ಚಳಿಗಾಲದಲ್ಲಿ ಎಲ್ಲಿಯ ಬಿಸಿಲು ಎಂದು ಸೂಜಿಯಣ್ಣ ಒಮ್ಮೆಯೂ ಕೇಳಲಿಲ್ಲ.

ಕೇಳದೆ ಬಿಟ್ಟ ಪ್ರಶ್ನೆಗಳು ಅವನ ಹತ್ತಿರ ಇನ್ನೂ ಇದ್ದವು. ಪ್ರತಿದಿನ ಬೆಳಿಗ್ಗೆ ಅವನ ಸೂಜಿಮೆತ್ತೆಯಲ್ಲಿ ದಾರ ಪೋಣಿಸಿದ ಆರು ಸೂಜಿಗಳು ಸಾಲಾಗಿ ನಿಂತಿರುತ್ತಿದ್ದವು. "ಸಂಜೆ ಹೋಗುವಾಗಲೇ ಪೋಣಿಸಿಟ್ಟು ಹೋಗ್ತೀನಿ. ಮುಂದಾಲೋಚನೆ ಅಂದ್ರೆ ಇದು" ಎಂದು ಅವನು ಹೇಳಿಕೊಳ್ಳುತ್ತಿದ್ದ. ಪೋಣಿಸಿದ್ದು ನೆನಪಿದೆಯೇ ಎಂದರೆ, ನಲವತ್ತು ವರ್ಷ ಮಾಡಿದ ಕೆಲಸವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಉಸಿರಾಡಿದ್ದು ನೆನಪಿರುತ್ತದೆಯೇ?

ಅವನ ಕೆಲಸವೂ ಒಳ್ಳೆಯ ಹದದಲ್ಲೇ ಇತ್ತು. ಒಮ್ಮೆ ಒಬ್ಬಳು ನಟಿ ತನ್ನ ಲಂಗದ ಅಂಚು ತೋರಿಸಿ, "ಎಷ್ಟು ಚಂದ ಹೊಲಿದಿದ್ದೀಯ ಅಣ್ಣ" ಎಂದಾಗ ಅವನು ಅಂಚಿನ ಮೇಲೆ ಬೆರಳಾಡಿಸಿದ. ಹೊಲಿಗೆ ಒಂದೊಂದೂ ಅಕ್ಕಿಕಾಳಿನ ಹಾಗೆ ಸಮನಾಗಿತ್ತು. ಆದರೆ ಯಾಕೋ ತನ್ನ ಹೊಲಿಗೆ ವಾಲುವ ಕಡೆಗೆ ವಾಲಿರಲಿಲ್ಲ, ಉಲ್ಟಾ ವಾಲಿತ್ತು. ಬೆರಳು ಅಲ್ಲಿ ಒಂದು ಗಳಿಗೆ ನಿಂತಿತು. ಸೂಜಿಯಣ್ಣ ಬೆರಳನ್ನು ಎತ್ತಿಬಿಟ್ಟ. "ಕೈಗೆ ವಯಸ್ಸಾದಷ್ಟೂ ಹದ ಬರುತ್ತಮ್ಮ" ಎಂದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಕೇಳಿದ್ದೇವೆ. ಹಾಲು ಎಲ್ಲಿಂದ ಬಂತೆಂದು ತಿಳಿಯಬಾರದೆಂದು ಕಣ್ಣು ಮುಚ್ಚಿದ ಬೆಕ್ಕು ಮಾತ್ರ ಇದೊಂದೇ.

ಆ ವರ್ಷ ಆಡುತ್ತಿದ್ದ ನಾಟಕ ಒಬ್ಬ ನಿವೃತ್ತ ಮೇಷ್ಟರದು. ಹಳೆಯ ವಿದ್ಯಾರ್ಥಿಗಳು ತನ್ನನ್ನು ಮರೆತಿಲ್ಲ ಎಂಬ ನಂಬಿಕೆಯ ಮೇಲೆ ಮೇಷ್ಟರು ಬದುಕಿದ್ದಾರೆ. ವಾರಕ್ಕೆರಡು ಕಾಗದ ಬರುತ್ತವೆ, ಒಬ್ಬ ಜಡ್ಜ್ ಆಗಿದ್ದಾನೆ, ಇನ್ನೊಬ್ಬ ಹಡಗು ನಡೆಸುತ್ತಾನೆ. ಪಾಠ ಮಾಡುತ್ತಿದ್ದಾಗಿನ ಹಳೆಯ ಕೋಟು ತೊಟ್ಟು ಅವುಗಳನ್ನು ಓದುತ್ತಾರೆ. ಕಾಗದಗಳನ್ನೆಲ್ಲ ಬರೆಯುವವಳು ಅವರ ಮಗಳು. ಮೂರನೆಯ ಅಂಕದ ಕೊನೆಗೆ ಮೇಷ್ಟರು ಆ ಅಕ್ಷರವನ್ನು ಗುರುತಿಸುತ್ತಾರೆ. ಮೂವತ್ತು ವರ್ಷ ಬೋರ್ಡು ಒರೆಸಿ ಬಿಳಿಚಿದ ಕೋಟಿನ ಎಡತೋಳನ್ನು ಒಂದೇ ಸಲಕ್ಕೆ ಕಿತ್ತೆಸೆದು ಕುಸಿಯುತ್ತಾರೆ. ಪರದೆ.

ಆ ತೋಳು ಸೂಜಿಯಣ್ಣನ ಪ್ರತಾಪ. ಅದಕ್ಕೆ ಕಪ್ಪು ಹತ್ತಿ ದಾರವೇ ಆಗಬೇಕು, ಹನ್ನೊಂದೇ ಹನ್ನೊಂದು ಕಚ್ಚಾ ಹೊಲಿಗೆ ಬೀಳಬೇಕು. ಮೂರೂ ಅಂಕ ಮೇಷ್ಟರು ಎಷ್ಟು ಕೈ ಬೀಸಿದರೂ ತೋಳು ಜಗ್ಗಬಾರದು, ಕೊನೆಯಲ್ಲಿ ಒಂದೇ ಎಳೆತಕ್ಕೆ ಬಿಡಬೇಕು. ಪ್ರತಿ ಪ್ರದರ್ಶನಕ್ಕೂ ಅದೇ ದಿನ ಹೊಸದಾಗಿ ಹೊಲಿಯಬೇಕು. ಆ ಗಳಿಗೆಯಲ್ಲಿ ಅವನು ಪಕ್ಕದ ಪರದೆಯ ಮರೆಯಲ್ಲಿ ನಿಂತು ನೋಡುತ್ತಿದ್ದ. ತೋಳು ಬಿಡುವಾಗ ಆಗುವ "ಪರ್ರ್" ಎಂಬ ಸದ್ದಿಗೆ ಅವನ ಮೈ ಜುಮ್ಮೆನ್ನುತ್ತಿತ್ತು. ಮೇಷ್ಟರ ಮೇಲೆ ಮಾತ್ರ ಅವನಿಗೆ ಎಳ್ಳಷ್ಟೂ ಕನಿಕರವಿರಲಿಲ್ಲ.

"ಸ್ವಂತ ಮಗಳ ಅಕ್ಷರ ಗುರುತು ಸಿಗಲ್ಲ ಅಂದ್ರೆ ಏನೇ ಅರ್ಥ? ಸಾವಿರ ಹುಡುಗರ ಕಾಪಿ ತಿದ್ದಿದ ಮನುಷ್ಯ!" ಎಂದು ಒಂದು ದಿನ ಊಟ ಮಾಡುತ್ತಾ ಹೆಂಡತಿಯ ಹತ್ತಿರ ರೇಗಾಡಿದ.

"ಸಿಗದೆ ಏನು, ಸಿಕ್ಕಿರುತ್ತೆ. ಬೇಡ ಅಂತ ಸುಮ್ಮನಿದ್ದಾರೆ" ಎಂದಳು ಅವಳು, ಡಬ್ಬಿಯ ಮುಚ್ಚಳ ಹಾಕುತ್ತಾ.

"ನಿನಗೆ ನಾಟಕ ಅರ್ಥ ಆಗಲ್ಲ ಬಿಡು" ಎಂದು ಸೂಜಿಯಣ್ಣ ಪರದೆ ಹಾಸಿ ಮಲಗಿದ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇಂಥ ನೆಮ್ಮದಿಗೆ ಮ್ಯಾನೇಜರು ಕಡ್ಡಿ ಆಡಿಸಿದರು. ಒಂದು ಗುರುವಾರ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು ಮೇಜಿನ ಮೇಲೆ ಒಂದು ಪಟ್ಟಿ ಇಟ್ಟರು. ವೆಲ್ಕ್ರೋ ಪಟ್ಟಿ, ಮಕ್ಕಳ ಬೂಟಿನಲ್ಲಿ ಇರುತ್ತದಲ್ಲ, ಅದು.

"ಇದನ್ನ ತೋಳಿಗೆ ಅಂಟಿಸಿಬಿಟ್ರೆ ದಿನಾ ಹೊಲಿಯೋ ರಗಳೆನೇ ಇಲ್ಲ ಅಣ್ಣ."

ಸೂಜಿಯಣ್ಣ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದು, ಬಿಡಿಸಿದ. ಚರ್ರ್ ಎಂದಿತು. "ಇದು ಮನುಷ್ಯನ ಎದೆ ಒಡೆಯೋ ಸದ್ದಾ ಸ್ವಾಮಿ? ಸ್ಕೂಲ್ ಬ್ಯಾಗ್ ತೆಗೆಯೋ ಸದ್ದು! ಮೇಷ್ಟರು ಸಂಕಟಪಡ್ತಿದ್ದಾರಾ, ಬ್ಯಾಗಲ್ಲಿ ಪೆನ್ಸಿಲ್ ಹುಡುಕ್ತಿದ್ದಾರಾ?"

ಮ್ಯಾನೇಜರಿಗೂ ನಗು ಬಂತು. ಆದರೆ ಅವರು ಸುಮ್ಮನೆ ಬಂದಿರಲಿಲ್ಲ. "ನೋಡಣ್ಣ, ನೇರವಾಗಿ ಹೇಳ್ತೀನಿ. ಭಾನುವಾರದ ಆಟಕ್ಕೆ ಹೊರಗಿನಿಂದ ದೊಡ್ಡವರು ಬರ್ತಿದ್ದಾರೆ. ಅವರಿಗೆ ಹಿಡಿಸಿದ್ರೆ ನಮ್ಮನ್ನ ಹತ್ತು ಊರಿಗೆ ಕರೀತಾರೆ. ನಿನ್ನ ಕಣ್ಣಿನ ವಿಷಯ ಎಲ್ಲರೂ ಏನೇನೋ ಹೇಳ್ತಾರೆ. ಅವತ್ತು ಆ ತೋಳು ಏನಾದ್ರೂ ಕೈ ಕೊಟ್ರೆ, ಸೋಮವಾರದಿಂದ ಹೊಲಿಗೆಯೆಲ್ಲ ಹೊರಗೆ ಕೊಡ್ತೀನಿ. ಈ ಕೋಣೆಗೆ ಲೈಟಿನ ಸಾಮಾನು ಬರುತ್ತೆ."

"ಕೈ ಕೊಡೋಕೆ ಅದೇನು ದಿನಾ ಕೆಡೋ ನಿಮ್ಮ ಮೈಕಾ?" ಎಂದ ಸೂಜಿಯಣ್ಣ. ಮಾತು ಜೋರಾಗಿಯೇ ಬಂತು. ಅವರು ಇಳಿದು ಹೋದಮೇಲೆ ಮಾತ್ರ ಅವನು ಕೋಣೆಯನ್ನು ಒಂದು ಸುತ್ತು ನೋಡಿದ. ಈ ಕಿಟಕಿ, ಈ ಕುರ್ಚಿ ಇಲ್ಲದಿದ್ದರೆ ತಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದ.

ಶನಿವಾರದ ಆಟ ಸುಸೂತ್ರವಾಗಿ ಮುಗಿಯಿತು. ತೋಳು ಪರ್ರ್ ಎಂದು ಬಿಟ್ಟಿತು. ಅಷ್ಟರಲ್ಲಿ ಮಂದಿರದ ಆಫೀಸಿಗೆ ಫೋನು ಬಂತು. ಹೆಂಡತಿಯ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಆಟ ಮುಗಿಯುವವರೆಗೂ ಅಲ್ಲೇ ಇರುತ್ತಿದ್ದ ಹೆಂಡತಿ ಉಟ್ಟ ಸೀರೆಯಲ್ಲೇ ಬಸ್ಸಿಗೆ ಹೊರಟಳು. ಬಾಗಿಲವರೆಗೆ ಹೋದವಳು ಮತ್ತೆ ತಿರುಗಿ ಬಂದಳು.

"ಸೋಮವಾರ ಬೆಳಿಗ್ಗೆ ಬಂದುಬಿಡ್ತೀನಿ ರೀ. ನಾಳೆ ಒಂದು ದಿನ ಕೆಳಗೆ ವಿಗ್ಗು ಕಟ್ಟೋಳನ್ನ ಮೇಲಕ್ಕೆ ಕರ್ಸ್ಕೊಂಡು ಕೋಟು ಒಂದ್ಸಲ ತೋರಿಸಿ."

"ನಾನು ಹೊಲಿದದ್ದನ್ನ ವಿಗ್ಗಿನವಳು ಪರೀಕ್ಷೆ ಮಾಡ್ಬೇಕಾ? ನಡಿ ನಡಿ, ಬಸ್ಸು ಹೋಗುತ್ತೆ."

ಅವಳು ಒಮ್ಮೆ ಅವನ ಮುಖ ನೋಡಿ ಹೋದಳು.

ಭಾನುವಾರ ಬೆಳಿಗ್ಗೆ ಸೂಜಿಮೆತ್ತೆ ಬೋಳಾಗಿತ್ತು. ದಾರವಿಲ್ಲದ ಸೂಜಿಗಳು ಡಬ್ಬಿಯಲ್ಲಿದ್ದವು. "ನಿನ್ನೆ ಆ ಫೋನಿನ ಗಲಾಟೆಯಲ್ಲಿ ಪೋಣಿಸೋದು ಮರೆತೆ" ಎಂದುಕೊಂಡ ಸೂಜಿಯಣ್ಣ. ಹತ್ತಿ ದಾರದ ತುದಿಯನ್ನು ನಾಲಗೆಗೆ ತಾಗಿಸಿ, ಹೊಸೆದು, ಕಿಟಕಿಗೆ ಹಿಡಿದ. ಹೋಗಲಿಲ್ಲ. ಎಡಗಣ್ಣು ಮುಚ್ಚಿದ. ಬಲಗಣ್ಣು ಮುಚ್ಚಿದ. ಬಿಳಿ ಕಾಗದದ ಮುಂದೆ ಹಿಡಿದ. ದಾರದ ತುದಿ ಹೂವಿನ ಹಾಗೆ ಅರಳಿ ಸೂಜಿಯ ಅಕ್ಕಪಕ್ಕದಲ್ಲೆಲ್ಲ ಓಡಾಡಿತು, ಒಳಗೆ ಮಾತ್ರ ಹೋಗಲಿಲ್ಲ. ಹನ್ನೊಂದು ಗಂಟೆಯಾಯಿತು, ಹನ್ನೆರಡಾಯಿತು. ಕೆಳಗೆ ಹೋಗಿ ಯಾರನ್ನಾದರೂ "ಒಂದು ಸೂಜಿ ಪೋಣಿಸಿ ಕೊಡಿ" ಎಂದು ಕೇಳಬಹುದಿತ್ತು. ಮೂರು ಸಲ ಎದ್ದ, ಮೂರು ಸಲವೂ ಮೆಟ್ಟಿಲ ತನಕ ಹೋಗಿ ವಾಪಸು ಬಂದ. ಆ ಒಂದು ಮಾತು ಬಾಯಿಂದ ಹೊರಬಿದ್ದರೆ ಕೋಣೆ ಹೋಯಿತು ಎಂದೇ ಅವನಿಗೆ ಅನ್ನಿಸಿತ್ತು.

ಒಂದೂವರೆಗೆ ಕೈ ತಾನಾಗಿ ಇನ್ನೊಂದು ರೀಲಿಗೆ ಹೋಯಿತು. ಅದು ಕಪ್ಪು ನೈಲಾನು, ಬೂಟು, ಬೆಲ್ಟುಗಳಿಗೆ ಬಳಸುವ ದಾರ. ಬಿರುಸಾದ ತುದಿ, ಅರಳುವ ಮಾತೇ ಇಲ್ಲ. ನಾಲ್ಕನೆಯ ಪ್ರಯತ್ನಕ್ಕೇ ಸೂಜಿಯೊಳಗೆ ನುಗ್ಗಿತು. ಇದು ಹತ್ತಿಯಲ್ಲ ಎಂದು ಬೆರಳು ಸ್ಪಷ್ಟವಾಗಿ ಹೇಳಿತು. ಸೂಜಿಯಣ್ಣ ಬೆರಳಿನ ಬಾಯಿ ಮುಚ್ಚಿಸಿದ. "ಸಡಿಲವಾಗಿ ಹಾಕಿದ್ರೆ ಯಾವ ದಾರವಾದ್ರೇನು? ಎಳೆಯೋನು ಎಳೆದ್ರೆ ಬರುತ್ತೆ" ಎಂದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಗಟ್ಟಿಯಾಗಿಯೇ ಹೇಳಿದ. ಹೊಲಿಯುವಾಗ ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಅಂಜಿಕೆಗೆ ಹನ್ನೊಂದರ ಜಾಗದಲ್ಲಿ ಹತ್ತೊಂಬತ್ತು ಹೊಲಿಗೆ ಬಿದ್ದವು. ಒಳಗಿನ ಲೈನಿಂಗೂ ಸೇರಿಕೊಂಡಿತು. ಆ ತೋಳಿಗೆ ಆನೆ ಕಟ್ಟಿದ್ದರೂ ನಿಲ್ಲುತ್ತಿತ್ತು.

ನಾಲ್ಕು ಗಂಟೆಗೆ ಆಟ ಶುರುವಾಯಿತು. ದೊಡ್ಡವರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೇಷ್ಟರ ಪಾತ್ರ ಮಾಡುತ್ತಿದ್ದವನು ಎಮ್ಮೆಯಂಥ ಆಳು, ಹೂವಿನಂಥ ದನಿ. ಮಂದಿರದಲ್ಲಿ ಎಲ್ಲರೂ ಅವನನ್ನು ಈಗ ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಮೂರನೆಯ ಅಂಕದಲ್ಲಿ ಅವನು ಕಾಗದವನ್ನು ಬೆಳಕಿಗೆ ಹಿಡಿದ. ಮಗಳ ಕಡೆ ನೋಡಿದ. ಮತ್ತೆ ಕಾಗದ ನೋಡಿದ. ಸಭೆಯಲ್ಲಿ ಕೆಮ್ಮೂ ಇಲ್ಲ. ಅವನು ಬಲಗೈಯಿಂದ ಎಡತೋಳು ಹಿಡಿದು ಎಳೆದ.

ತೋಳು ಬರಲಿಲ್ಲ.

ಮತ್ತೆ ಎಳೆದ. ಕೋಟೇ ಪೂರ್ತಿ ಜರುಗಿ ಕಾಲರು ಕಿವಿಗೆ ಬಂತು. ಮೂರನೆಯ ಸಲ ಶಕ್ತಿಯೆಲ್ಲ ಬಿಟ್ಟು ಜಗ್ಗಿದಾಗ ಆ ಎಮ್ಮೆಯಂಥ ಆಳು ನಿಂತಲ್ಲೇ ಒಂದು ಸುತ್ತು ತಿರುಗಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಅಲ್ಲಿಂದ ಎರಡು ಸಾಲು ಮುಂದಕ್ಕೆ ಬಂತು. ಪರದೆಯ ಮರೆಯಲ್ಲಿ ಸೂಜಿಯಣ್ಣ ತನ್ನದೇ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದ.

ಮೇಷ್ಟರು ಎಳೆಯುವುದನ್ನು ಬಿಟ್ಟರು. ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಸೊಟ್ಟಗಾದ ಕೋಟಿನೊಳಗಿಂದ ಮಗಳ ಕಡೆಗೆ ಎಡಗೈ ಚಾಚಿ, ನಾಟಕದಲ್ಲಿ ಇಲ್ಲದ ಒಂದು ಮಾತು ಹೇಳಿದರು.

"ಬರ್ತಿಲ್ಲ ಮಗು. ನೀನೇ ಬಿಚ್ಚು."

ಮಗಳ ಪಾತ್ರದ ಹುಡುಗಿ ಒಂದು ಕ್ಷಣ ಕಲ್ಲಾದಳು. ಆಮೇಲೆ ಬಂದು, ಮಂಡಿಯೂರಿ, ಒಂದೊಂದೇ ಗುಂಡಿ ಬಿಚ್ಚಿ, ಮಗುವಿಗೆ ಬಿಚ್ಚುವ ಹಾಗೆ ಕೋಟನ್ನು ಬಿಚ್ಚಿದಳು. ಕಿಸಕ್ಕೆಂದವರ ಸದ್ದು ಅಡಗಿತ್ತು. ಪರದೆ ಬಿದ್ದ ಮೇಲೂ ಚಪ್ಪಾಳೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಮೇಲೆ ನಿಲ್ಲಲಿಲ್ಲ.

ಒಳಗೆ ಮ್ಯಾನೇಜರು ಕಣ್ಣೊರೆಸಿಕೊಳ್ಳುತ್ತಾ ಓಡಿಬಂದರು. "ಹತ್ತು ಊರು ಖಾಯಂ! ಮುಂದಿನ ಸಾಲಿನಲ್ಲಿ ಎಲ್ಲರೂ ಅಳ್ತಿದ್ದರು. ಈ ಬದಲಾವಣೆ ಯಾರದ್ದಯ್ಯಾ ಐಡಿಯಾ?"

ಸೂಜಿಯಣ್ಣನ ಬಾಯಿ ತನ್ನ ಹಳೆಯ ಚಾಳಿ ಬಿಡಲಿಲ್ಲ. "ನಾನೇ... ಸ್ವಲ್ಪ ಗಟ್ಟಿ ಹೊಲಿದಿದ್ದೆ. ಈ ಮೇಷ್ಟರ ಪಾತ್ರಕ್ಕೆ ಅದೇ ಸರಿ ಅನ್ನಿಸ್ತು." ಜಟ್ಟಿ ನೆಲಕ್ಕೆ ಬಿದ್ದಿದ್ದ, ಮೀಸೆ ಮಾತ್ರ ಮಣ್ಣಾಗಿರಲಿಲ್ಲ.

"ಭಲೇ! ಹಾಗಾದ್ರೆ ಇನ್ಮೇಲೆ ಹೀಗೇ ಇರಲಿ. ತೋಳು ಕೀಳೋದೇ ಬೇಡ. ವೆಲ್ಕ್ರೋನೂ ಬೇಡ, ನಿನ್ನ ಕಚ್ಚಾ ಹೊಲಿಗೆನೂ ಬೇಡ" ಎಂದು ಮ್ಯಾನೇಜರು ಅವನ ಬೆನ್ನು ತಟ್ಟಿ ಹೊರಟುಹೋದರು.

ಮೇಷ್ಟರು ಬೆವರು ಒರೆಸಿಕೊಳ್ಳುತ್ತಾ ಕೋಟನ್ನು ತಂದು ಅವನ ಕೈಗಿಟ್ಟರು. ಸುತ್ತ ಯಾರೂ ಇಲ್ಲವೆಂದು ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ಅಣ್ಣ, ಅತ್ತಿಗೆ ಇವತ್ತು ಊರಲ್ಲಿಲ್ವಾ?"

"ಇಲ್ಲ. ಯಾಕೆ?"

"ಏನಿಲ್ಲ. ಸುಮ್ಮನೆ ಕೇಳಿದೆ."

ಸೂಜಿಯಣ್ಣ ಮೆಟ್ಟಿಲು ಹತ್ತಿದ. ಅವತ್ತು ಇಪ್ಪತ್ತೆರಡೂ ಒಂದೊಂದಾಗಿ ಕಾಲಿಗೆ ಸಿಕ್ಕವು. ಕಿಟಕಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಅದು ಅವನಿಗೆ ಬೇಕಾಗಲಿಲ್ಲ. ಮೊದಲು ಕೋಟಿನ ಬಲತೋಳು ಮುಟ್ಟಿದ. ಆಮೇಲೆ ನಟಿಯ ಲಂಗ, ಪೊಲೀಸಿನವನ ಕಾಲರು, ರಾಜನ ನಿಲುವಂಗಿಯ ಅಂಚು. ಎರಡು ವರ್ಷದಲ್ಲಿ ತಾನು ಹೊಲಿದೆ ಎಂದುಕೊಂಡದ್ದನ್ನೆಲ್ಲ ಉಗುರಿನ ತುದಿಯಲ್ಲಿ ಓದಿದ. ಬಲಗೈಯವರ ಹೊಲಿಗೆ ಒಂದು ಕಡೆಗೆ ವಾಲುತ್ತದೆ, ಎಡಗೈಯವರದು ಇನ್ನೊಂದು ಕಡೆಗೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೊಲಿಗೆ ಕಲಿಸುವಾಗ ಅವನು ಬೈದದ್ದೇ ಅದಕ್ಕೆ. "ನಿನ್ನ ಎಡಗೈ ಹೊಲಿಗೆ ಗಾಳಿಗೆ ಸಿಕ್ಕ ಬೇಲಿ ಹಾಗೆ ವಾಲುತ್ತಲ್ಲೇ!" ಈಗ ಕೋಣೆಯಲ್ಲಿದ್ದ ಬಟ್ಟೆಗಳೆಲ್ಲ ಆ ಕಡೆಗೇ ವಾಲಿದ್ದವು.

ಬಟ್ಟೆಗಳನ್ನು ಸರಿಸಿ ಮೂಲೆಗೆ ಹೋದ. ಗಿಡ್ಡ ಸ್ಟೂಲಿನ ಕೆಳಗೆ ಕೈಯಾಡಿಸಿದಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿ ಹತ್ತಿ ದಾರದ ರೀಲು, ಅವನ ಹೊಲಿಗೆ ಬಿಚ್ಚಿ ತೆಗೆದ ದಾರದ ತುಂಡುಗಳ ಒಂದು ಉಂಡೆ, ಬೆರಳುದ್ದದ ಒಂದು ಟಾರ್ಚು. ಎಲ್ಲಿ ಅವನಿಗೆ ಎಚ್ಚರವಾಗುತ್ತದೋ ಎಂದು ಅವಳು ಎರಡು ವರ್ಷ ಕೋಣೆಯ ದೀಪ ಹಾಕದೆ, ಈ ಟಾರ್ಚನ್ನು ಕುತ್ತಿಗೆಗೂ ಗಲ್ಲಕ್ಕೂ ನಡುವೆ ಸಿಕ್ಕಿಸಿಕೊಂಡು ಹೊಲಿದಿದ್ದಳು.

ಸೂಜಿಯಣ್ಣ ಸ್ಟೂಲಿನ ಮೇಲೆ ಕೂತುಬಿಟ್ಟ. ಮೊದಲು ನಾಚಿಕೆಯಾಯಿತು. ಆಮೇಲೆ ಕೋಪ ಬಂತು, ಯಾರ ಮೇಲೆಂದು ತಿಳಿಯದೆ ಹೊರಟೂ ಹೋಯಿತು. ಕೊನೆಗೆ ಉಳಿದದ್ದು ದುಃಖ, ಅವನು ಅತ್ತ. ಗೊತ್ತಿರಲಿಲ್ಲವೇ? ಬೆರಳಿಗೆ ಗೊತ್ತಿತ್ತು. ಬೇಡ ಅಂತ ಸುಮ್ಮನಿದ್ದ.

ಸೋಮವಾರ ಮಧ್ಯಾಹ್ನ ಹೆಂಡತಿ ಡಬ್ಬಿ ಹಿಡಿದುಕೊಂಡು ಬಂದಳು. ಅಕ್ಕನ ಕಾಲಿಗೆ ಪಟ್ಟಿ ಹಾಕಿದ್ದಾರೆ, ಬಾಯಿಗೆ ಹಾಕಿಲ್ಲ, ಬೈಗುಳ ನಡೆದೇ ಇದೆ ಎಂದಳು. ಅವನು ನಕ್ಕ. ಆಟದ ವಿಷಯ ಅವಳು ಕೇಳಲಿಲ್ಲ. ಕೆಳಗೆ ಯಾರೋ ಹೇಳಿರಬೇಕು. ಊಟವಾಯಿತು. ಅವನು ಪರದೆ ಹಾಸಿ, ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿದ.

ನಿದ್ದೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಸ್ಟೂಲು ಕಿರ್ರೆಂದಿತು. ತಗಡಿನ ಡಬ್ಬಿಯ ಮುಚ್ಚಳ ತೆರೆಯಿತು. ಬೆಳಿಗ್ಗೆ ಅವನು ನೈಲಾನಿನಲ್ಲೇ ಹೇಗೋ ಹೊಲಿದಿಟ್ಟಿದ್ದ ಲಂಗವನ್ನು ಅವಳು ಸರಳಿನಿಂದ ಇಳಿಸಿದ್ದು ಕೇಳಿತು, ದಾರ ಬಿಚ್ಚುವ ಚಿಟ್ ಚಿಟ್ ಸದ್ದು ಕೇಳಿತು. ಸುಮ್ಮನೆ ಮಲಗಿದ್ದರಾಯಿತು. ನಾಳೆ ಬೆಳಿಗ್ಗೆ ಮೆತ್ತೆಯಲ್ಲಿ ಆರು ಸೂಜಿ ನಿಂತಿರುತ್ತವೆ, ಕೋಣೆ ಇರುತ್ತದೆ, ಹೊಗಳುವವರೂ ಇರುತ್ತಾರೆ. ಸೂಜಿಯಣ್ಣನಿಗೆ ಜೀವನದಲ್ಲಿ ಯಾವತ್ತೂ ನಿದ್ದೆ ಅಷ್ಟು ಬೇಕು ಅನ್ನಿಸಿರಲಿಲ್ಲ.

"ಅಲ್ಲಿ ಬೆಳಕಿಲ್ಲ ಕಣೇ" ಎಂದ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಚಿಟ್ ಚಿಟ್ ನಿಂತಿತು.

"ನನಗೆ ಕಾಣ್ತಿಲ್ಲ. ನೀನೇ ಪೋಣಿಸು. ನೀನೇ ಹೊಲಿ. ಆದ್ರೆ ಅಲ್ಲಿ ಕೂತ್ಕೋಬೇಡ."

ಬಟ್ಟೆಗಳ ಹಿಂದೆ ಮೂಗು ಎಳೆದುಕೊಂಡ ಒಂದು ಸದ್ದು. ಆಮೇಲೆ ರಾಜನ ನಿಲುವಂಗಿಯನ್ನೂ ಪೊಲೀಸಿನವನ ಅಂಗಿಯನ್ನೂ ಆಚೆ ಈಚೆ ತಳ್ಳಿಕೊಂಡು ಅವಳು ಲಂಗದ ಸಮೇತ ಹೊರಗೆ ಬಂದಳು. ಸೀದಾ ಹೋಗಿ ಕಿಟಕಿಯ ಮುಂದೆ, ಅವನ ಆಕಾರಕ್ಕೆ ತಗ್ಗಿದ್ದ ಕುರ್ಚಿಯಲ್ಲಿ ಕೂತು, ಅತ್ತಿತ್ತ ಹೊರಳಿ ತನಗೆ ಸರಿಮಾಡಿಕೊಂಡಳು.

"ನಾಳೆ ಕಣ್ಣಾಸ್ಪತ್ರೆಗೆ ಬರ್ಬೇಕು. ಈಗಲೇ ಹೇಳಿದ್ದೀನಿ" ಎಂದಳು.

"ಬರ್ತೀನಿ."

ಅವನು ಸ್ಟೂಲನ್ನು ಎಳೆದು ತಂದು ಪಕ್ಕದಲ್ಲಿ ಕೂತು, ಲಂಗದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಟ್ಟ. ಅವಳು ಒಂದೇ ಸಲಕ್ಕೆ ಸೂಜಿ ಪೋಣಿಸಿದಳು. ನಾಲ್ಕು ಹೊಲಿಗೆ ಬಿದ್ದವು. ಸೂಜಿಯಣ್ಣ ಅಂಚಿನ ಮೇಲೆ ಬೆರಳಾಡಿಸಿ, ತಡೆಯಲಾರದೆ ಹೇಳಿಯೇಬಿಟ್ಟ.

"ಇನ್ನೂ ಆ ಕಡೆಗೇ ವಾಲುತ್ತಲ್ಲೇ ನಿನ್ನ ಹೊಲಿಗೆ."

"ವಾಲಲಿ ಬಿಡಿ. ಎರಡು ವರ್ಷದಿಂದ ಊರಿಗೆಲ್ಲ ತೋರಿಸಿ ಹೊಗಳಿಕೊಂಡಿದ್ದು ಇದನ್ನೇ ಅಲ್ವಾ" ಎಂದಳು ಅವಳು, ತಲೆಯೆತ್ತದೆ.